ಪ್ರಕಟನೆ ಗ್ರಂಥವೂ ನಮ್ಮ ಕಾಲಜ್ಞಾನವೂ

ಕೋಟೇಶ್ವರದಲ್ಲಿ ಕೋಟಿಲಿಂಗೇಶ್ವರನ ಕೊಡಿಹಬ್ಬ ಮುಗಿದ ಮರುದಿನ, ಘಟ್ಟದ ಮೇಲಿಂದ ಬಂದಿದ್ದ ಭಕ್ತರೊಬ್ಬರು ಕಾಲಜ್ಞಾನದ ಹಸ್ತಪ್ರತಿಯೊಂದನ್ನು ನಮ್ಮೆದುರಿಗಿರಿಸಿ, “ಬುದ್ಧಿ, ವೀರವಸಂತರಾಯ ಬರುವುದು ಯಾವ ಸಂವತ್ಸರದಲ್ಲಿ?” ಎಂದು ಕೇಳಿದರು. ಈ ಪ್ರಶ್ನೆ ನಮ್ಮವರದು ಮಾತ್ರವಲ್ಲ. ಬೈಬಲಿನ ಕಡೆಯ ಗ್ರಂಥವಾದ ‘ಪ್ರಕಟನೆ’ಯನ್ನು ಮುಂದಿಟ್ಟುಕೊಂಡು ಕ್ರೈಸ್ತರೂ ಶತಮಾನಗಳಿಂದ ಇದನ್ನೇ ಕೇಳುತ್ತ ಬಂದಿದ್ದಾರೆ. ಅವರಲ್ಲಿನ ಬೇರೆ ಬೇರೆ ಸಂಪ್ರದಾಯಗಳು ಕೊಟ್ಟ ಉತ್ತರಗಳನ್ನು ಕಾಣಲು ಈ ಕರಾವಳಿಯನ್ನು ಬಿಟ್ಟು ದೂರ ಹೋಗಬೇಕಾಗಿಲ್ಲ.

ಕೋಟೇಶ್ವರದಿಂದ ಉತ್ತರಕ್ಕೆ ಕುಂದಾಪುರದಲ್ಲಿ 1570ರಲ್ಲಿ ಸ್ಥಾಪಿತವಾದ ರೊಸಾರಿಯೋ ಇಗರ್ಜಿಯಿದೆ. ಕಥೋಲಿಕರು ಈ ವಿಷಯದಲ್ಲಿ ಬಹುಮಟ್ಟಿಗೆ ಸಂತ ಅಗಸ್ಟೀನನ ಅನುಯಾಯಿಗಳು. ಪ್ರಕಟನೆಯ ‘ಸಾವಿರ ವರ್ಷಗಳ ಆಳಿಕೆ’ಯೆಂದರೆ ಧರ್ಮಸಭೆಯ ಈಗಿನ ಕಾಲವೇ ಎಂದು ಅವನು ಅರ್ಥೈಸಿದುದರಿಂದ ವರ್ಷ ಎಣಿಸುವ ಉದ್ವೇಗಕ್ಕೆ ಅಲ್ಲಿ ಆಸ್ಪದ ಕಡಿಮೆಯಾಯಿತು. ಸೂರ್ಯನನ್ನೇ ಉಟ್ಟ ಸ್ತ್ರೀಯ ದರ್ಶನವನ್ನು ಆಗಸ್ಟ್ 15ರ ಮಾತೆಯ ಹಬ್ಬದಂದು, ಬಿಳಿಯ ನಿಲುವಂಗಿಯ ಭಕ್ತಸಮೂಹದ ದರ್ಶನವನ್ನು ನವೆಂಬರ್ 1ರಂದು ಓದುತ್ತಾರೆ. ಇದು ಸ್ವಸ್ಥವಾದ ಕ್ರಮ. ಆದರೆ ಗ್ರಂಥದ ಮೊನೆಯು ಹಬ್ಬದ ಅಲಂಕಾರದಲ್ಲಿ ಮೊಂಡಾಗುವ ಸಂಭವವೂ ಉಂಟು.

ದಕ್ಷಿಣಕ್ಕೆ ಬ್ರಹ್ಮಾವರದಲ್ಲಿ ಅಲ್ವಾರಿಸ್ ಮಾರ್ ಜೂಲಿಯಸ್ ಮತ್ತು ಪಾದ್ರಿ ನೊರೊನ್ಹಾ ಅವರನ್ನು ಅನುಸರಿಸಿ 19ನೆಯ ಶತಮಾನದ ಕೊನೆಯಲ್ಲಿ ಸಿರಿಯನ್ ಆರ್ಥೊಡಾಕ್ಸ್ ಪಂಥಕ್ಕೆ ಸೇರಿದ ಸಮುದಾಯವಿದೆ. ಸಿರಿಯಾಕ್ ಭಾಷೆಯ ಪ್ರಾಚೀನ ಬೈಬಲ್ ಅನುವಾದದಲ್ಲಿ ಪ್ರಕಟನೆ ಗ್ರಂಥವೇ ಇರಲಿಲ್ಲ. ಆದರೂ ಕ್ರಿಸ್ತನ ಪುನರಾಗಮನವನ್ನು ನಿರೀಕ್ಷಿಸಿ ಪೂರ್ವಕ್ಕೆ ಮುಖಮಾಡಿ ನಿಲ್ಲುವುದು ಅವರ ಪ್ರಾರ್ಥನೆಯ ನಿಯಮ. ಆ ನಿರೀಕ್ಷೆಯನ್ನು ಗಣಿತವಿಲ್ಲದೆ ಕೇವಲ ದೇಹದ ನಿಲುವಿನಿಂದ ಆಚರಿಸುವ ಈ ಬಗೆ ನಮಗೆ ಬಹಳ ಹಿಡಿಸಿತು.

ಹೆಚ್ಚು ವಿಚಾರಾರ್ಹವಾದುದು ಬಾಸೆಲ್ ಮಿಷನ್ನಿನವರ ಸಂಗತಿ. ಆ ಮಿಷನರಿಗಳಲ್ಲಿ ಅನೇಕರು ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದವರು. ಅಲ್ಲಿಯ ಮಹಾಪಂಡಿತ ಬೆಂಗೆಲ್ (1687–1752) ಪ್ರಕಟನೆಯ ಸಂಖ್ಯೆಗಳನ್ನು ಕೂಡಿ ಕಳೆದು, 1836ರಲ್ಲಿ ಯುಗಪರಿವರ್ತನೆಯಾಗುವುದೆಂದು ಸಾರಿದ್ದನು. ಅಲ್ಲಿಯ ಭಕ್ತಮಂಡಲಿಗಳಲ್ಲಿ ಆ ಲೆಕ್ಕಕ್ಕೆ ಬಹಳ ಮನ್ನಣೆಯಿತ್ತು. ಮಿಷನ್ನಿನ ಮೊದಲಿಗರು ಮಂಗಳೂರಿನಲ್ಲಿ ಇಳಿದುದು 1834ರಲ್ಲಿ. ವುರ್ಟೆಂಬರ್ಗಿನವರೇ ಆದ ಮೋಗ್ಲಿಂಗ್ ಬಂದುದು ಆ 1836ರಲ್ಲಿಯೇ! ವರ್ಷ ಕಳೆಯಿತು, ಜಗತ್ತು ಉಳಿಯಿತು. ಬಳಿಕ ಅವರು ಮಾಡಿದುದೇನು? 1841ರಲ್ಲಿ ಅಚ್ಚುಕೂಟ, 1843ರಲ್ಲಿ ‘ಮಂಗಳೂರ ಸಮಾಚಾರ’, ನೆಯ್ಗೆಯ ಶಾಲೆ, 1865ರಲ್ಲಿ ಹಂಚಿನ ಕಾರ್ಖಾನೆ. ನಮ್ಮ ಬಸವಪುರಾಣ, ಚೆನ್ನಬಸವಪುರಾಣಗಳನ್ನು ಅಚ್ಚಿಗೆ ತಂದವರೂ ಅವರೇ. ಇದನ್ನು ಕಾಯಕವೆಂದು ಕರೆಯುವ ಆಸೆ ನಮಗೂ ಆಗುತ್ತದೆ. ಆದರೆ ಸತ್ಯಕ್ಕಾಗಿ ಒಂದು ಮಾತು: ಹಂಚು, ಮಗ್ಗಗಳು ಹುಟ್ಟಿದುದು ಪ್ರಕಟನೆಯ ವ್ಯಾಖ್ಯಾನದಿಂದಲ್ಲ. ಮತಾಂತರದಿಂದ ಕುಲವನ್ನೂ ಕಸುಬನ್ನೂ ಕಳೆದುಕೊಂಡವರಿಗೆ, ಮುಖ್ಯವಾಗಿ ಕಳ್ಳು ಇಳಿಸುವುದನ್ನು ಬಿಡಬೇಕಾದ ಬಿಲ್ಲವರಿಗೆ, ಅನ್ನದ ದಾರಿ ಬೇಕಾಗಿತ್ತು. ಭವಿಷ್ಯದ ಗಣಿತಕ್ಕಿಂತ ಎದುರಿಗಿರುವವನ ಹಸಿವು ಅವರಿಗೆ ಹೆಚ್ಚು ನಂಬಲರ್ಹವಾದ ಗುರುವಾಯಿತು.

ಬೆಂಗೆಲನ ಪಾಂಡಿತ್ಯ ಸಣ್ಣದಲ್ಲ. ಗ್ರೀಕ್ ಹೊಸ ಒಡಂಬಡಿಕೆಯ ಪಾಠಪರಿಷ್ಕರಣದಲ್ಲಿ ಅವನ ಹೆಸರು ಇಂದಿಗೂ ಮಾನ್ಯ. ಎಡವಿದುದು ಓದಿನ ಕ್ರಮದಲ್ಲಿ. ಕಾಲನಿರ್ಣಯ ಮಾಡುವವರು ಮೃಗಗಳು, ಮುದ್ರೆಗಳು, ಸಂಖ್ಯೆಗಳಿರುವ ಅಧ್ಯಾಯಗಳಿಗೆ ನೇರವಾಗಿ ಧುಮುಕುತ್ತಾರೆ. ಗ್ರಂಥಕಾರನಾದರೋ ಅವುಗಳಿಗೆ ಮೊದಲೇ ಏಷ್ಯಾಮೈನರಿನ ಏಳು ಸಭೆಗಳಿಗೆ ಏಳು ಪತ್ರಗಳನ್ನಿಟ್ಟಿದ್ದಾನೆ. ಎಫೆಸದವರು ಮೊದಲಿನ ಪ್ರೀತಿಯನ್ನು ಬಿಟ್ಟರು. ಲವೊದಿಕೀಯದವರು ಬಿಸಿಯೂ ಅಲ್ಲದೆ ತಣ್ಣಗೂ ಅಲ್ಲದೆ ತಮ್ಮ ಸಿರಿಯಲ್ಲಿ ಸುಖವಾಗಿದ್ದಾರೆ. ನ್ಯಾಯತೀರ್ಪು ಪರರ ಮೇಲೆ ಎರಗುವ ಮುನ್ನ ಭಕ್ತರ ಮನೆಯಲ್ಲಿಯೇ ಆರಂಭವಾಗಿದೆ. ಈ ಏಳು ಪತ್ರಗಳನ್ನು ದಾಟಿ ಮುಂದಿನ ಮೃಗವನ್ನು ತನ್ನ ವೈರಿಯ ಹೆಸರಿನಿಂದ ಕರೆಯುವುದು ಸುಲಭ. ಸುಧಾರಣೆಯ ಕಾಲದ ಪ್ರಾಟೆಸ್ಟಂಟರು ಪೋಪರನ್ನೇ ಹಾಗೆ ಕರೆದರು.

ನಾವು ಆ ಭಕ್ತರಿಗೆ ಸಂವತ್ಸರವನ್ನು ಹೇಳಲಿಲ್ಲ. ಗುರುಗಳೂ ಜಂಗಮರೂ ಆಚಾರಗೆಟ್ಟು ಹೊನ್ನಿಗೆ ಕೈಯೊಡ್ಡುವರೆಂಬ ಭಾಗ ಆ ಹಸ್ತಪ್ರತಿಯಲ್ಲಿತ್ತು. ಅದನ್ನು ತೆರೆದು ಗಟ್ಟಿಯಾಗಿ ಓದಿಸಿದೆವು. ಅವರು ಓದಿ ಮುಗಿಸಿ, ಸ್ವಲ್ಪ ಹೊತ್ತು ನಮ್ಮ ಮುಖವನ್ನೇ ನೋಡುತ್ತ ಕುಳಿತರು.