ಒಂದು ಕ್ರೂಸರ್, ಐದು ಕೋಟಿ

ದೀಪಾವಳಿ ಸೂಟಿಗೆ ಊರಿಗೆ ಬಂದ ಅಣ್ಣನ ಮಗ ಕಟ್ಟೆಯ ಮೇಲೆ ಕುಳಿತು ಮೊಬೈಲ್ ಮುಂದೆ ಹಿಡಿದ. “ಕಾಕಾ, ಕ್ರೂಸರ್‌ಗೆ ಹೇಳೇನಿ. ಮುಂಜಾನೆ ಐದಕ್ಕ ಬಿಟ್ರ ರಾತ್ರಿ ಹತ್ತರೊಳಗ ಐದು ಕೋಟಿ ಮುಗೀತಾವ.” ನಮ್ಮ ಮಸಗುಪ್ಪಿ ಕಡೆಯ ಬಾಯಲ್ಲಿ ಕೋಟೆ ಎಂಬುದು ಕೋಟಿಯಾಗುತ್ತದೆ. ಪಕ್ಕದಲ್ಲಿ ಕಬ್ಬಿನ ಬಿಲ್ಲಿನ ಲೆಕ್ಕ ಹಾಕುತ್ತ ಕುಳಿತಿದ್ದ ನಮ್ಮ ಮಾವ “ಯಾಂವಪಾ ಅಂವಾ, ಐದು ಕೋಟಿ ಮುಗಿಸಿದಾಂವ?” ಎಂದು ಗಾಬರಿಯಿಂದ ತಲೆಯೆತ್ತಿದರು.

ಪಟ್ಟಿ ಹೀಗಿತ್ತು: ಬೆಳಗಾವಿ, ರಾಜಹಂಸಗಡ, ಕಿತ್ತೂರು, ಸವದತ್ತಿ, ಪಾರಸಗಡ. ಬರುವಾಗ ಯರಗಟ್ಟಿ ಮೇಲೆ ಗೋಕಾಕ, ಅಲ್ಲಿ ಕರದಂಟು, ಆಮೇಲೆ ಮನೆ. ನಕಾಶೆಯಲ್ಲಿ ಬೆರಳಿಟ್ಟು ನೋಡಿದರೆ ಚೆಂದದ ಸುತ್ತು. ಆದರೆ ಇಂಥದೇ ಸುತ್ತನ್ನು ಹಿಂದೊಮ್ಮೆ ನಾನೂ ಹೊಡೆದಿದ್ದೇನೆ. ಆ ದಿನದ ಫೋಟೋಗಳು ಇನ್ನೂ ಇವೆ. ಐದು ಬಾಗಿಲುಗಳ ಮುಂದೆ ಅದೇ ಏಳು ಜನ, ಅದೇ ಅಂಗಿ, ಹೊತ್ತು ಏರಿದಂತೆ ಸೊರಗುತ್ತ ಹೋದ ಅದೇ ಮುಖಗಳು. ಯಾವ ಬಾಗಿಲು ಯಾವ ಕೋಟೆಯದು ಎಂದು ಕೇಳಿದರೆ ಎರಡರಲ್ಲಿ ತಪ್ಪುತ್ತೇನೆ. ನಾವು ಅಂದು ನೋಡಿದ್ದು ಕೋಟೆಗಳನ್ನಲ್ಲ, ಪಾರ್ಕಿಂಗ್ ಜಾಗಗಳನ್ನು.

ಇದು ನಮ್ಮೊಬ್ಬರ ಚಾಳಿಯಲ್ಲ. ಫ್ರಾನ್ಸಿನಲ್ಲಿ ಲ್ವಾರ್ ನದಿಯ ಕಣಿವೆಗೆ ಹೋಗುವವರಿಗೂ ಇದೇ ಗೋಳು. ನದಿಯ ಎರಡೂ ದಂಡೆಗೆ ಸಾಲುಸಾಲು ಅರಮನೆ–ಕೋಟೆಗಳು. 2000ದಲ್ಲಿ ಯುನೆಸ್ಕೊ ಆ ಕಣಿವೆಯನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎಲ್ಲರೂ ಮೊದಲು ಓಡುವುದು ಶಾಂಬೋರ್‌ಗೆ. ನಾನೂರಕ್ಕೂ ಹೆಚ್ಚು ಕೋಣೆ, 282 ಬೆಂಕಿಗೂಡು, ಏರುವವರಿಗೂ ಇಳಿಯುವವರಿಗೂ ಗಂಟು ಬೀಳದಂತೆ ಒಂದನ್ನೊಂದು ಸುತ್ತಿಕೊಂಡ ಎರಡು ಮೆಟ್ಟಿಲುಸಾಲು. ದೊಡ್ಡದೇ, ಅನುಮಾನವಿಲ್ಲ. ಆದರೆ 1519ರಲ್ಲಿ ಅದನ್ನು ಕಟ್ಟಲು ಹಚ್ಚಿದ ರಾಜ ಒಂದನೆಯ ಫ್ರಾನ್ಸ್ವಾ ತನ್ನ ಆಳಿಕೆಯಲ್ಲಿ ಅಲ್ಲಿ ಕಳೆದದ್ದು ಎಲ್ಲ ಕೂಡಿಸಿದರೂ ಕೆಲವೇ ವಾರ. ಬೇಟೆಗೆ ಬಂದಾಗ ಇಳಿದುಕೊಳ್ಳುವ ಮನೆ ಅದು. ಶೆರ್ ಹೊಳೆಯ ಮೇಲೆ ಸೇತುವೆಯಂತೆ ಚಾಚಿಕೊಂಡಿರುವ ಶನೊಂಸೋ ಅದರ ಮುಂದೆ ಚಿಕ್ಕದು. ಆದರೂ ಮೊದಲ ಮಹಾಯುದ್ಧದಲ್ಲಿ ಹೊಳೆಯ ಮೇಲಿನ ಅದರ ಉದ್ದನೆಯ ಪಡಸಾಲೆ ಗಾಯಾಳುಗಳ ಆಸ್ಪತ್ರೆಯಾಯಿತು. ಎರಡನೆಯದರಲ್ಲಿ ಜರ್ಮನರು ಹಿಡಿದ ಸೀಮೆಗೂ ಉಳಿದ ಸೀಮೆಗೂ ಆ ಹೊಳೆಯೇ ಗಡಿಯಾಗಿ, ಒಂದು ಬಾಗಿಲಿಂದ ಒಳಬಂದು ಇನ್ನೊಂದರಿಂದ ಹೊರಬಿದ್ದವರು ಜೀವ ಉಳಿಸಿಕೊಂಡರು. ನನ್ನನ್ನು ಕೇಳಿದರೆ ನಾನು ಶಾಂಬೋರ್ ಬಿಟ್ಟೇನು, ಶನೊಂಸೋ ಬಿಡಲಾರೆ.

ಹೊಳೆಯ ಮಾತು ಬಂದದ್ದು ಸುಮ್ಮನೆ ಅಲ್ಲ. ನಾವು ಘಟಪ್ರಭೆಯ ದಂಡೆಯ ಸೀಮೆಯವರು. ಹಿಡಕಲ್ ಡ್ಯಾಮಿನ ಗೇಟು ಎಷ್ಟು ಎತ್ತಿದರು ಎಂಬುದು ಮಳೆಗಾಲದಲ್ಲಿ ಇಲ್ಲಿ ಚಹದ ಅಂಗಡಿಯ ಮೊದಲ ಸುದ್ದಿ. 2019ರ ಆಗಸ್ಟಿನಲ್ಲಿ ಗೋಕಾಕ–ಮೂಡಲಗಿ ಭಾಗದ ಊರುಗಳು ನೀರು ಕಂಡ ರೀತಿಯನ್ನು ಯಾರೂ ಮರೆತಿಲ್ಲ. ಇಂಥ ಊರಲ್ಲಿ ಬೆಳೆದವನಿಗೆ ಗುಡ್ಡದ ಮೇಲೊಂದು ಕೋಟೆ ಕಂಡರೆ ಹುಟ್ಟುವ ಮೊದಲ ಪ್ರಶ್ನೆ, ಇಷ್ಟು ಮೇಲೆ ಇವರು ನೀರಿಗೆ ಏನು ಮಾಡಿದರು? ಗೋಡೆಯ ಎತ್ತರ, ಕೊತ್ತಳದ ಲೆಕ್ಕ, ಯಾವ ರಾಜನಾದ ಮೇಲೆ ಯಾವ ರಾಜ, ಎಲ್ಲವನ್ನೂ ಬೋರ್ಡಿನ ಮೇಲೆ ಬರೆದಿರುತ್ತಾರೆ. ನೀರಿನ ದಾರಿಯನ್ನು ಬರೆದಿರುವುದಿಲ್ಲ, ಹುಡುಕಬೇಕು. ಹುಡುಕುತ್ತ ಹೋದರೆ ಅಡುಗೆಮನೆ, ಬಚ್ಚಲು, ಕುದುರೆ ಲಾಯ, ಕೊಡ ಹೊತ್ತವರು ಹತ್ತಿಳಿದ ದಾರಿ ಒಂದೊಂದಾಗಿ ಕಾಣತೊಡಗುತ್ತವೆ. ಈ ಒಂದು ಪ್ರಶ್ನೆ ಇಟ್ಟುಕೊಂಡು ಹುಡುಗನ ಪಟ್ಟಿಯನ್ನು ನೋಡಿದೆ. ನನ್ನ ಮಟ್ಟಿಗೆ ಮೊದಲು ನೋಡಬೇಕಾದ ಕೋಟೆಯೇ ಅದರಲ್ಲಿ ಇರಲಿಲ್ಲ.

ಅದು ಹುಕ್ಕೇರಿ ತಾಲೂಕಿನದು. ಘಟಪ್ರಭಾ ದಾಟಿ, ಹುಕ್ಕೇರಿ ಹಾಯ್ದು ಸಂಕೇಶ್ವರಕ್ಕೆ ಬಂದರೆ ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಿಗೇ ಒಂದು ಗುಡ್ಡ. ನಾವು ಹರಗಾಪುರ ಗುಡ್ಡ ಅನ್ನುತ್ತೇವೆ, ಕೊಲ್ಹಾಪುರ ಕಡೆಯ ಚಾರಣಿಗರು ವಲ್ಲಭಗಡ ಅನ್ನುತ್ತಾರೆ. ಬಸ್ಸಿನ ಕಿಟಕಿಯಿಂದ ಕಾಣುವ ಕೋಟೆ. ಅದಕ್ಕೇ ಇರಬೇಕು, ಇಳಿದು ನೋಡುವವರು ಕಡಿಮೆ. ನಮ್ಮ ಜಿಲ್ಲೆಯವರಿಗಿಂತ ಗಡಿಯಾಚೆಯ ಮರಾಠಿ ಹುಡುಗರೇ ಹೆಚ್ಚು ಹತ್ತುತ್ತಾರೆ ಎಂಬುದನ್ನು ಹೇಳಿಕೊಳ್ಳಲು ನನಗೆ ಸ್ವಲ್ಪ ನಾಚಿಕೆ.

ಗೋಡೆ ಅಲ್ಲಲ್ಲಿ ಕುಸಿದಿದೆ. ಹೊರಗಿನಿಂದ ನೋಡಿ ಬೆರಗಾಗುವಂಥದ್ದು ಏನೂ ಇಲ್ಲ. ಕೋಟೆಯೊಳಗೆ ಇನ್ನೂ ಮನೆಗಳಿವೆ, ಸಂಸಾರಗಳಿವೆ. ಹಾಳು ಗೋಡೆಯ ಮೇಲೆ ಕುಬಸ ಒಣಗಿರುತ್ತದೆ, ಆಡು ಕಟ್ಟಿರುತ್ತದೆ. ನೋಡಬೇಕಾದದ್ದು ಬಂಡೆಯನ್ನು ಕಡಿದು ಇಳಿಸಿದ ಬಾವಿ. ಮೇಲಿನಿಂದ ಬಗ್ಗಿ ನೋಡಿದರೆ ಚೌಕದ ಕತ್ತಲು, ಅಷ್ಟೇ. ಪಕ್ಕದಿಂದ ಬಂಡೆಯೊಳಗೇ ಕೊರೆದ ಮೆಟ್ಟಿಲ ದಾರಿಯಿದೆ. ಅಲ್ಲಿ ನಾಲ್ಕು ಹೆಜ್ಜೆ ಇಳಿದರೆ ಹೊರಗಿನ ಬಿಸಿಲು ಬೆನ್ನಿನಿಂದ ಕಳಚಿ ಬೀಳುತ್ತದೆ. ಗೋಡೆಗೆ ಕೈ ಹಚ್ಚಿದರೆ ಉಳಿಯ ಗೆರೆಗಳು ಬೆರಳಿಗೆ ಸಿಗುತ್ತವೆ. ಓರೆಯಾಗಿ, ಒಂದರ ಕೆಳಗೊಂದು, ಹೊಡೆದವನ ಕೈ ಯಾವ ಕಡೆಯಿಂದ ಬೀಸಿತು ಎಂದು ಊಹಿಸಬಹುದಾದಷ್ಟು ಸ್ಪಷ್ಟ. ಸಿಡಿಮದ್ದು ಇಲ್ಲದೆ ಈ ಕಪ್ಪು ಕಲ್ಲನ್ನು ಇಷ್ಟು ಆಳ ಇಳಿಸಲು ಎಷ್ಟು ಬೇಸಿಗೆ ಬೇಕಾಯಿತೋ. ನಾನು ಆ ಮೆಟ್ಟಿಲ ಮೇಲೆ ಅರ್ಧ ತಾಸು ಕುಳಿತಿದ್ದೆ. ಅಂದಿನ ಐದು ಕೋಟೆಗಳಲ್ಲಿ ಒಂದರಲ್ಲೂ ನನಗೆ ಅಷ್ಟು ಹೊತ್ತು ಸಿಕ್ಕಿರಲಿಲ್ಲ.

ಇನ್ನೂ ಹೊತ್ತಿದ್ದರೆ ಗಡಿ ದಾಟಿ ಗಡಹಿಂಗ್ಲಜ ಕಡೆಯ ಸಾಮಾನಗಡಕ್ಕೆ ಹೋಗಬಹುದು, ಅಲ್ಲೂ ಕಮಾನುಗಳಿಂದ ಕಟ್ಟಿದ ಮೆಟ್ಟಿಲಬಾವಿ ಇದೆ. ಮೊದಲು ಒಂದನ್ನು ನೋಡಿ, ಆಮೇಲೆ ಇನ್ನೊಂದರ ಜೊತೆ ಹೋಲಿಸಲು ಒಳ್ಳೆಯ ಜೋಡಿ. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳೂ ದಾರಿಯಲ್ಲೇ ಸಿಗುತ್ತವೆ. ಅವು ಕೋಟೆಯಲ್ಲ, ಗೋರಿಗಳು. ಆದರೂ ನಿಲ್ಲಿಸಿ.

ಕಿತ್ತೂರಿಗೆ ಬರೋಣ. ಅದನ್ನು ಬಿಡಿ ಎಂದರೆ ಬೆಳಗಾವಿ ಜಿಲ್ಲೆಯಲ್ಲಿ ಯಾರೂ ನನ್ನನ್ನು ಮನೆಗೆ ಸೇರಿಸಲಾರರು, ಬಿಡಬೇಕೆಂದೂ ಇಲ್ಲ. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಸತ್ತದ್ದು ಈ ಬಾಗಿಲ ಮುಂದೆ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ರಾಣಿ ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ರಾಯಣ್ಣನನ್ನು ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿಸಿದರು. ಇಷ್ಟನ್ನು ಇಲ್ಲಿಯ ಎರಡನೆಯ ಇಯತ್ತೆಯ ಹುಡುಗನೂ ಒಪ್ಪಿಸುತ್ತಾನೆ. ನನ್ನ ತಕರಾರು ಕಥೆಯ ಬಗ್ಗೆ ಅಲ್ಲ, ಕಥೆ ಕೇಳಿ ಹಾಗೇ ಗಾಡಿ ಹತ್ತುವವರ ಬಗ್ಗೆ. ಉಳಿದಿರುವ ಅರಮನೆಯ ತಳಪಾಯದಲ್ಲಿ ನಡೆದಾಡಿದರೆ ದುಂಡನೆಯ ಬಾವಿ, ನೀರು ಹಾಯಿಸಿದ ಕೊಳವೆಯ ಜಾಡು, ಸ್ನಾನದ ತೊಟ್ಟಿಗಳು ಕಾಣುತ್ತವೆ. ಬಾವಿಯ ನೀರು ಕೊಡದಲ್ಲಿ ಹೊರದೆ ಬಚ್ಚಲಿಗೆ ಹರಿದು ಬರುತ್ತಿದ್ದ ಮನೆ ಇದು. ನಮ್ಮ ಎಷ್ಟೋ ಹಳ್ಳಿಗಳಲ್ಲಿ ನಳ ಬಂದದ್ದು ಮೊನ್ನೆ ಮೊನ್ನೆ. ಕಿತ್ತೂರಿನವರು ಸೆರೆಹಿಡಿದ ಇಂಗ್ಲಿಷರಲ್ಲಿ ವಾಲ್ಟರ್ ಎಲಿಯಟ್ ಎಂಬ ಹುಡುಗ ಅಧಿಕಾರಿಯೂ ಇದ್ದ. ಬಿಡುಗಡೆಯಾದ ಮೇಲೆ ಅವನು ಊರೂರು ತಿರುಗಿ ನಮ್ಮ ಸೀಮೆಯ ನೂರಾರು ಶಾಸನಗಳ ಪ್ರತಿ ಮಾಡಿಸಿದ, ಕನ್ನಡ ಶಾಸನಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬನಾದ. ಸೆರೆಯಲ್ಲಿದ್ದ ದಿನಗಳಲ್ಲಿ ಅವನು ಕುಡಿದದ್ದೂ ಕಿತ್ತೂರಿನ ನೀರೇ.

ಈಚಿನ ವರ್ಷಗಳಲ್ಲಿ ಕಿತ್ತೂರಿನ ಅರಮನೆಯ ಪ್ರತಿರೂಪ ಕಟ್ಟುವ ಯೋಜನೆ ಎದ್ದು, ಎಲ್ಲಿ ಕಟ್ಟಬೇಕೆಂಬುದೇ ಜಗಳವಾಯಿತು. ನನಗೆ ಜಾಗಕ್ಕಿಂತ ರೀತಿಯ ಬಗ್ಗೆ ಅನುಮಾನ. ಫ್ರಾನ್ಸಿನ ಬರ್ಗಂಡಿ ಸೀಮೆಯ ಗೆಡೆಲೋನ್ ಎಂಬಲ್ಲಿ 1997ರಿಂದ ಒಂದು ಕೋಟೆಯನ್ನು ಹೊಸದಾಗಿ ಕಟ್ಟುತ್ತಿದ್ದಾರೆ. ಇದ್ದು ಬಿದ್ದುಹೋದ ಯಾವುದರ ನಕಲೂ ಅದಲ್ಲ. 13ನೆಯ ಶತಮಾನದ ಉಪಕರಣ, ಅಲ್ಲೇ ಕಡಿದ ಕಲ್ಲು, ಅಲ್ಲೇ ಕಲಸಿದ ಗಾರೆ, ಮನುಷ್ಯ ಒಳಗೆ ನಿಂತು ತುಳಿಯುವ ಗಾಲಿಯಿಂದ ಮೇಲೇರುವ ತೊಲೆ. ಬಂದವರು ಮುಗಿದ ಕಟ್ಟಡ ನೋಡುವುದಿಲ್ಲ, ಕೆಲಸ ನೋಡುತ್ತಾರೆ. ಕಿತ್ತೂರಿನಲ್ಲೂ ಹಾಗೆ ನಮ್ಮ ಒಡ್ಡರು, ಬಡಿಗೇರರು, ಕಂಬಾರರು ಸುಣ್ಣ–ಬೆಲ್ಲ ಅರೆದು ಒಂದು ಪಡಸಾಲೆ ಕಟ್ಟುವುದಾದರೆ ನಾನು ವರ್ಷಕ್ಕೊಮ್ಮೆ ಹೋಗಿ ಬಂದೇನು. ಸಿಮೆಂಟಿನ ಅರಮನೆಗೆ ಬಣ್ಣ ಬಳಿದು ನಿಲ್ಲಿಸುವುದಾದರೆ ಹಳೆಯ ತಳಪಾಯವೇ ಸಾಕು. ಇನ್ನೊಂದು ಮಾತು: ಅಕ್ಟೋಬರ್ 23ರಿಂದ ನಡೆಯುವ ಉತ್ಸವಕ್ಕೆ ಹೋಗುವುದಿದ್ದರೆ ಉತ್ಸವ ನೋಡಲೆಂದೇ ಹೋಗಿ, ಕೋಟೆಗೆ ಬೇರೆ ದಿನ ಇಟ್ಟುಕೊಳ್ಳಿ.

ಸವದತ್ತಿಯನ್ನು ಹುಡುಗ ಸರಿಯಾಗಿಯೇ ಹಿಡಿದಿದ್ದ, ಜೊತೆ ತಪ್ಪಿತ್ತು. ಊರ ಮೇಲಿನ ಎಂಟು ಕೊತ್ತಳದ ಈ ಕೋಟೆ 18ನೆಯ ಶತಮಾನದ್ದು, ಶಿರಸಂಗಿ ದೇಸಾಯರ ಮನೆತನದ್ದು. ಒಳಕೋಟೆಯ ಕಮಾನುಗಳಲ್ಲಿ ಕೆತ್ತಿದ ಹೂಬಳ್ಳಿ, ಜಾಲರಿ ವಿನ್ಯಾಸಗಳು, ನಾನು ನೋಡಿದಷ್ಟರಲ್ಲಿ, ಒಂದರಂತೆ ಇನ್ನೊಂದಿಲ್ಲ. ಇದನ್ನು ನೋಡಿ ಪಾರಸಗಡದ ಮುಳ್ಳುಕಂಟಿಯಲ್ಲಿ ಏದುಸಿರು ಬಿಡುವುದಕ್ಕಿಂತ ಶಿರಸಂಗಿಯ ವಾಡೆಗೆ ಹೋಗುವುದು ಮೇಲು. ಫ್ರೆಂಚರು ಶಾಟೋ ಅನ್ನುವ ಅರಮನೆ–ಕೋಟೆಗೆ ನಮ್ಮಲ್ಲಿ ಹತ್ತಿರದ ಮಾತು ಕೋಟೆಯಲ್ಲ, ವಾಡೆ: ಅರ್ಧ ಮನೆ, ಅರ್ಧ ಕಚೇರಿ, ಹೊತ್ತು ಬಂದರೆ ಬಂದೋಬಸ್ತಿನ ಜಾಗ. ಆ ವಾಡೆಯ ಕೊನೆಯ ದೊಡ್ಡ ದೇಸಾಯಿ ತ್ಯಾಗವೀರ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುಂಚೆ ಸಂಸ್ಥಾನದ ಆಸ್ತಿಯನ್ನು ಹುಡುಗರ ವಿದ್ಯೆಗೆ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರದೇ ಹೆಸರಿನದು. ಒಂದೇ ಮನೆತನದ ಹಣ ಬೆಳಿಗ್ಗೆ ಕೊತ್ತಳವಾಗಿ, ಸಂಜೆ ಕಾಲೇಜಿನ ಫೀಯಾಗಿ ಕಾಣುತ್ತದೆ. ವಂಟಮುರಿಯ ರಾಜಾ ಲಖಮಗೌಡರದೂ ಅಂಥದೇ ಕಥೆ. ಹಿಡಕಲ್ ಡ್ಯಾಮಿಗೆ ಅವರ ಹೆಸರಿದೆ, ಬೆಳಗಾವಿಯಲ್ಲಿ ಕಾಲೇಜಿಗೂ ಇದೆ. ಹುಣ್ಣಿಮೆಗಳಲ್ಲಿ ಮಾತ್ರ ಸವದತ್ತಿ ಕಡೆ ತಿರುಗಬೇಡಿ. ಯಲ್ಲಮ್ಮನ ಗುಡ್ಡದ ಚಕ್ಕಡಿ, ಟ್ರ್ಯಾಕ್ಟರುಗಳ ನಡುವೆ ನಿಮ್ಮ ಕ್ರೂಸರ್ ಅಲ್ಲಾಡದು.

ಉಳಿದವಕ್ಕೆ ಹೆಚ್ಚು ಮಾತು ಬೇಡ. ಬೆಳಗಾವಿ ಕೋಟೆಗೆ ಒಳ್ಳೆಯ ಕಂದಕವಿದೆ, ಒಳಗೆ ಸೈನ್ಯದವರಿದ್ದಾರೆ, ಕಚೇರಿಗಳಿವೆ. ಕೋಟೆ ನೋಡುತ್ತೇನೆಂದು ಹೋಗಬೇಡಿ, 1204ರ ಕಮಲ ಬಸದಿ ನೋಡಲು ಹೋಗಿ. ಕತ್ತು ಎತ್ತಿ ಛತ್ತಿನ ಕಲ್ಲುಕಮಲದ ಕೆಳಗೆ ನಿಂತರೆ ಮಿಕ್ಕದ್ದು ಮರೆಯುತ್ತದೆ. ರಾಜಹಂಸಗಡದ ಗಾಳಿ ಚೆನ್ನ, ಗಾಡಿ ಬಾಗಿಲತನಕ ಹೋಗುತ್ತದೆ, ಮಕ್ಕಳೊಂದಿಗೆ ಒಂದು ಸಂಜೆಗೆ ಸಾಕು. ಅಲ್ಲಿಯ ಶಿವಾಜಿ ಪ್ರತಿಮೆಗೆ 2023ರ ಮಾರ್ಚಿನಲ್ಲಿ ಒಂದೇ ವಾರದೊಳಗೆ ಎರಡು ಸಲ ಅನಾವರಣ ಆಯಿತು, ಎರಡು ಪಕ್ಷದವರಿಂದ. ಕೋಟೆಯ ಗೋಡೆಯ ಬಗ್ಗೆ ಎರಡೂ ಸಲ ಜನರ ನೆನಪಿನಲ್ಲಿ ಉಳಿಯುವ ಮಾತು ಹುಟ್ಟಲಿಲ್ಲ. ಖಾನಾಪುರ ಕಾಡಿನ ಭೀಮಗಡ ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ಹೋಗುವ ಜಾಗವಲ್ಲ. 2011ರಿಂದ ಅದು ವನ್ಯಧಾಮ, ಅಲ್ಲಿಯ ಬಾವಲಿಗಳಿಗೆ ನಮ್ಮ ರೀಲ್ಸ್ ಬೇಕಿಲ್ಲ.

ಅಣ್ಣನ ಮಗ ಇದನ್ನೆಲ್ಲ ಕೇಳಿ, “ಅಂದ್ರ ಕಾಕಾ, ದಿನಕ್ಕ ಒಂದ?” ಎಂದ. ಎರಡು ಎಂದೆ, ಅವೂ ಒಂದಕ್ಕೊಂದು ನಂಟಿರುವ ಎರಡು. ಕೊನೆಗೆ ಕ್ರೂಸರ್ ರದ್ದಾಯಿತು. ಎರಡು ಬೈಕಿನ ಮೇಲೆ ನಾಲ್ವರು ಸಂಕೇಶ್ವರ ಕಡೆ ಹೋದರು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದೆವು. ಮಧ್ಯಾಹ್ನವೇ ಮರಳುತ್ತಾರೆ ಅಂದುಕೊಂಡಿದ್ದವರು ದೀಪ ಹಚ್ಚುವ ಹೊತ್ತಿಗೆ ಬಂದರು. ಬಾವಿಯೊಳಗೆ ಇಳಿದು ಮೆಟ್ಟಿಲು ಎಣಿಸಿದರಂತೆ. ನಾಲ್ವರದು ನಾಲ್ಕು ಲೆಕ್ಕ ಬಂದು ದಾರಿಯುದ್ದಕ್ಕೂ ವಾದ.

ನೀವು ಹೋಗುವುದಾದರೆ ಕುಡಿಯುವ ನೀರು ಒಯ್ಯಿರಿ, ಗುಡ್ಡದ ಮೇಲೆ ಅಂಗಡಿ ನಂಬಬೇಡಿ. ಖಾಲಿಯಾದ ಬಾಟಲಿಯನ್ನು ಚೀಲದಲ್ಲೇ ವಾಪಸು ತನ್ನಿ. ಹುಡುಗರು ತೆಗೆದ ಫೋಟೋದಲ್ಲಿ ಆ ಬಾವಿಯ ನೀರಿನ ಮೇಲೆ ಆರು ತೇಲುತ್ತಿದ್ದವು.