ಬ್ಯಾಟಲ್ ರ‍್ಯಾಪಿನಲ್ಲಿ ಹಾಸ್ಯವೂ ಸಭಾಸಿದ್ಧಿಯೂ

ಅಮೆರಿಕದ ಕರಿಯ ಜನರಲ್ಲಿ ಹುಟ್ಟಿ ಬೆಳೆದ ಬ್ಯಾಟಲ್ ರ‍್ಯಾಪ್ ಎಂಬುದು ಪ್ರಾಸಬದ್ಧವಾದ ವಾಗ್ಯುದ್ಧ. ಇಬ್ಬರು ಎದುರುಬದುರಾಗಿ ನಿಂತು ಸರದಿಯಂತೆ ಒಬ್ಬರನ್ನೊಬ್ಬರು ಮೂದಲಿಸುವರು. ನೆರೆದವರ ನಗೆಯೂ ಕೂಗೂ ಜಯಾಪಜಯಗಳನ್ನು ಸೂಚಿಸುವುವು. ಹೆಚ್ಚು ನಗಿಸಿದವನೇ ಗೆದ್ದವನು, ಇದರಲ್ಲಿ ವಿಚಾರಿಸತಕ್ಕದ್ದೇನು ಎಂದು ಕೆಲವರು ಕೇಳಬಹುದು. ಈ ಪೂರ್ವಪಕ್ಷವು ಪರೀಕ್ಷೆಗೆ ನಿಲ್ಲುವುದೇ ಎಂಬುದೇ ಪ್ರಕೃತ ವಿಷಯ.

ಸಭೆಯ ಪ್ರತಿಕ್ರಿಯೆಯನ್ನು ಭರತಮುನಿಯು ನಾಟ್ಯಶಾಸ್ತ್ರದ ಸಿದ್ಧಿಪ್ರಕರಣದಲ್ಲಿ ವಿಂಗಡಿಸಿದ್ದಾನೆ. ಮುಗುಳುನಗೆ, ಅರೆನಗೆ, ಗಟ್ಟಿನಗೆ, ‘ಸಾಧು’ ‘ಅಹೋ’ ಮೊದಲಾದ ಉದ್ಗಾರಗಳು, ರೋಮಾಂಚ, ಎದ್ದು ನಿಲ್ಲುವುದು, ವಸ್ತ್ರವನ್ನೂ ಉಂಗುರವನ್ನೂ ಎಸೆಯುವುದು, ಇವು ಮಾನುಷಸಿದ್ಧಿಯ ಕುರುಹುಗಳು. ಸದ್ದು ಗೊಂದಲಗಳಿಲ್ಲದೆ ರಂಗವು ತುಂಬಿರುವುದು ದೈವೀಸಿದ್ಧಿ. ಹೀಗಿರಲು, ಸಭೆಯ ಸದ್ದೊಂದೇ ಸಿದ್ಧಿಗೆ ಪ್ರಮಾಣವಲ್ಲ, ಸದ್ದಿನಲ್ಲಿಯೂ ತಾರತಮ್ಯವುಂಟು.

1981ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ‘ಹಾರ್ಲೆಮ್ ವರ್ಲ್ಡ್’ ಎಂಬಲ್ಲಿ ನಡೆದ ಪ್ರಸಂಗವು ಇದಕ್ಕೆ ನಿದರ್ಶನ. ಬಿಜಿ ಬೀ ಸ್ಟಾರ್ಸ್ಕಿಯು ಸಭಿಕರನ್ನು ಕರೆದು, ಅವರಿಂದ ಮರುನುಡಿ ಹೇಳಿಸಿ ರಂಜಿಸುವುದರಲ್ಲಿ ನಿಪುಣನು. ಕೂಲ್ ಮೋ ಡೀ ಎಂಬವನು ಆ ರಂಗವನ್ನೇರಿ, ಅವನ ಪದ್ಯಗಳು ಮಾತ್ರವಲ್ಲ, ಹೆಸರು ಸಹ ಎರವಲೆಂದು ಹಳಿದನು, ಸಭೆಯು ಭೋರ್ಗರೆಯಿತು. ಇಬ್ಬರಿಗೂ ಕೂಗು ದೊರೆಯಿತು. ಆದರೆ ಮೊದಲನೆಯವನದು ಕೇಳಿ ಪಡೆದ ಕೂಗು. ಎರಡನೆಯವನ ಮಾತಿಗೆ ಅದು ತಾನಾಗಿ ಎದ್ದಿತು. ಆ ಕಾಳಗದ ಧ್ವನಿಮುದ್ರಣವು ಕೈಯಿಂದ ಕೈಗೆ ಹರಡಿ ಮುಂದಿನವರಿಗೆ ಮೇಲ್ಪಂಕ್ತಿಯಾಯಿತು.

ಆ ನಗೆಗೆ ವಿಷಯವಾಗತಕ್ಕದ್ದು ಯಾವುದು? ಭಾಷಾವಿಜ್ಞಾನಿ ವಿಲಿಯಂ ಲಬಾವರು 1972ರ ತಮ್ಮ ಗ್ರಂಥದಲ್ಲಿ ಹಾರ್ಲೆಮಿನ ಹುಡುಗರ ಬೈಗುಳದಾಟವನ್ನು ಪರಿಶೀಲಿಸಿದ್ದಾರೆ. ಈ ಆಟವು ಬ್ಯಾಟಲ್ ರ‍್ಯಾಪಿನ ಪೂರ್ವರೂಪಗಳಲ್ಲೊಂದು. ಅಲ್ಲಿ ಪ್ರತಿಯೊಂದು ಮೂದಲಿಕೆಗೂ ಸುತ್ತಲಿನವರ ನಗೆಯೇ ತತ್‌ಕ್ಷಣದ ತೀರ್ಪು. ಆದರೆ ಮೂದಲಿಕೆಯು ಸುಳ್ಳೆಂದು ಎಲ್ಲರಿಗೂ ತಿಳಿದಿರಬೇಕು. ಸುಳ್ಳಿಗೆ ಮರುಮೂದಲಿಕೆಯೇ ಉತ್ತರ. ನಿಜವನ್ನು ಮುಟ್ಟಿದರೆ ಎದುರಾಳಿಯು ‘ಇಲ್ಲ’ವೆಂದು ನಿರಾಕರಿಸತೊಡಗುವನು, ಆಟವು ಕೆಡುವುದು. ಅಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಅತಿಶಯೋಕ್ತಿಯು ಅಳಿದೊಡನೆ ಹಾಸವು ಕ್ರೋಧಕ್ಕೋ ಶೋಕಕ್ಕೋ ತಿರುಗುತ್ತದೆ.

ಹಾಗಾದರೆ ಎರವಲು ಹೆಸರಿನ ಆಕ್ಷೇಪವು ನಿಜವೆಂದೇ ಹೇಳಿದ್ದಾದರೂ ನಗೆಯನ್ನು ತಂದುದು ಹೇಗೆ? ಸಮಾಧಾನವು ಭರತನಲ್ಲಿಯೇ ಇದೆ. ಹಾಸ್ಯಕ್ಕೆ ವಿಕೃತವೇಷವು ವಿಭಾವ. ತನಗೆ ಒಪ್ಪದ ಉಡುಪಿನಂತೆ, ತನ್ನದಲ್ಲದ ಹೆಸರೂ ಹಿರಿಮೆಯೂ ವಿಕೃತವೇಷವೇ. 2002ರಲ್ಲಿ ತೆರೆಕಂಡ ‘8 ಮೈಲ್’ ಚಲನಚಿತ್ರದ ಕೊನೆಯ ಕಾಳಗವು ಇದನ್ನು ಸ್ಪಷ್ಟಪಡಿಸುತ್ತದೆ. ನಾಯಕನು ತನ್ನ ಬಡತನವನ್ನೂ ತನಗಾದ ಅವಮಾನಗಳನ್ನೂ ತಾನೇ ಮೊದಲು ಸಾರಿ, ಎದುರಾಳಿಯ ಬತ್ತಳಿಕೆಯನ್ನು ಬರಿದುಮಾಡುವನು. ಅನಂತರ, ಕೇರಿಯ ಒರಟನಂತೆ ಮೆರೆಯುವ ಎದುರಾಳಿಯು ಖಾಸಗಿ ಶಾಲೆಯಲ್ಲಿ ಓದಿದವನೆಂಬುದನ್ನು ಬಯಲಿಗೆಳೆಯುವನು. ಬಡತನವು ದೈವವಶದಿಂದ ಬಂದದ್ದು, ಅದನ್ನು ನಕ್ಕವರಿಗೆ ಜಯವಿಲ್ಲ. ವೇಷವು ತಾನೇ ತೊಟ್ಟದ್ದು, ಅದಕ್ಕೆ ನಗೆಯು ಸಲ್ಲುತ್ತದೆ. ಎದುರಾಳಿಯು ಮಾತಿಲ್ಲದೆ ನಿಲ್ಲುವುದೇ ಅಲ್ಲಿಯ ತೀರ್ಪು.

2008ರಲ್ಲಿ ಟೊರಾಂಟೊದಲ್ಲಿ ಆರಂಭವಾದ ‘ಕಿಂಗ್ ಆಫ್ ದ ಡಾಟ್’ ಮೊದಲಾದ ಕೂಟಗಳಲ್ಲಿ ವಾದ್ಯದ ನೆರವಿಲ್ಲದೆ, ಮೊದಲೇ ರಚಿಸಿದ ಪದ್ಯಗಳನ್ನು ಹೇಳುವ ಪದ್ಧತಿಯು ನೆಲೆಗೊಂಡಿತು. ಇಲ್ಲಿ ಒಂದು ನುಡಿಗೆ ಎದ್ದ ಕೂಗು ಮುಂದಿನ ನುಡಿಯನ್ನು ಮುಳುಗಿಸುವುದರಿಂದ ಕವಿಯು ಕಾದು ನಿಲ್ಲಬೇಕಾಗುತ್ತದೆ. ಕೂಗಿಗಾಗಿಯೇ ಬರೆದಲ್ಲಿ ಪದ್ಯವು ತುಂಡುತುಂಡಾಗಿ, ಆದ್ಯಂತವಾದ ಅನ್ವಯವು ಕೆಡುತ್ತದೆ. ಆದುದರಿಂದ ವಿಮರ್ಶಕನು ಎರಡನ್ನು ನೋಡಬೇಕು: ನಗೆಯು ತೊಟ್ಟ ವೇಷದ ಮೇಲೆ ಬಿದ್ದಿತೆ, ಹೊತ್ತ ದುಃಖದ ಮೇಲೆ ಬಿದ್ದಿತೆ? ನಕ್ಕ ಸಭೆಯು ಮುಂದಿನ ಮಾತಿಗಾಗಿ ಮತ್ತೆ ಸದ್ದಡಗಿ ಕಿವಿಗೊಟ್ಟಿತೆ? ಎರಡೂ ಕೂಡಿದೆಡೆಯಲ್ಲಿ ಬೈಗುಳವು ಕಾವ್ಯವಾಗುತ್ತದೆ.