ನವೀಕೃತ ಗೃಹವೂ ನೆರೆಯ ಗೋಡೆಯೂ

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಸುತ್ತಣ ಬೀದಿಗಳಂತಹ ಹಳೆಯ ಕೇರಿಗಳಲ್ಲಿ, ಗೋಡೆಗೆ ಗೋಡೆ ತಗುಲಿ ಸಾಲಾಗಿ ನಿಂತ ತೊಟ್ಟಿಮನೆಗಳಲ್ಲೊಂದನ್ನು ಕೊಂಡು, ಅದರ ಒಳಗನ್ನೆಲ್ಲ ಮಾರ್ಪಡಿಸಿ, ‘ಸಂಪೂರ್ಣ ನವೀಕೃತ, ಪ್ರಶಾಂತ ಪರಿಸರ’ ಎಂಬ ವಿಶೇಷಣಗಳನ್ನು ತೊಡಿಸಿ ಪುನಃ ಮಾರಾಟಕ್ಕೆ ಒಡ್ಡುವ ಪದ್ಧತಿಯನ್ನು ಕೇವಲ ವ್ಯಾಪಾರವೆಂದು ಭಾವಿಸಿ ಸುಮ್ಮನಿರುವುದು ಸರಿಯಲ್ಲ. ಅದೂ ಒಂದು ಕೃತಿಯೇ ಆದುದರಿಂದ ಕೃತಿಗೆ ಸಲ್ಲುವ ಪರೀಕ್ಷೆ ಅದಕ್ಕೂ ಸಲ್ಲತಕ್ಕದ್ದು. ಆ ಪರೀಕ್ಷೆಯ ಮುಖ್ಯವಾದ ಪ್ರಶ್ನೆ ಯಾವುದೆಂದರೆ, ನವೀಕರಣವು ಆ ಮನೆಗೆ ಏನು ಮಾಡಿತೆಂಬುದಕ್ಕಿಂತ ಹೆಚ್ಚಾಗಿ, ಅದಕ್ಕೆ ಹೆಗಲು ಕೊಟ್ಟು ನಿಂತಿರುವ ಎಡಬಲದ ಮನೆಗಳಿಗೆ ಏನು ಮಾಡಿತೆಂಬುದು.

ಮೊದಲು ಗುಣವನ್ನು ಹೇಳುವುದು ನ್ಯಾಯ. ಹಳೆಯ ತೊಟ್ಟಿಮನೆಯನ್ನು ಹೊಗಳುವವರಲ್ಲಿ ಅನೇಕರು ಅದರ ಅಡುಗೆಮನೆಯ ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡವರಲ್ಲ; ಮಳೆಗಾಲದ ನಡುರಾತ್ರಿಯಲ್ಲಿ ಹಿತ್ತಿಲ ಕೊನೆಯ ಶೌಚಗೃಹಕ್ಕೆ ಲಾಂದ್ರ ಹಿಡಿದು ಹೋದವರೂ ಅಲ್ಲ. ಒಳಗೇ ಬಚ್ಚಲು, ನಿಂತು ಮಾಡುವ ಅಡುಗೆಕಟ್ಟೆ, ಭದ್ರವಾದ ವಿದ್ಯುತ್ ತಂತಿ, ವೃದ್ಧರು ಎಡವದಂತೆ ಸಮಗೊಳಿಸಿದ ಹೊಸ್ತಿಲು, ಇವೆಲ್ಲ ನಿಜವಾದ ಉಪಕಾರಗಳು. ಇವುಗಳ ಹೆಚ್ಚಿನ ಪಾಲು ಆ ಮನೆಯ ಹೆಂಗಸರಿಗೆ ಸಂದಿತೆಂಬುದನ್ನು ಮರೆಯಲಾಗದು. ಇಷ್ಟಕ್ಕೇ ನಿಂತ ನವೀಕರಣವನ್ನು ದೂಷಿಸುವವನು ಪ್ರಾಚೀನತೆಯ ಮೋಹಿಯೇ ಹೊರತು ವಿಮರ್ಶಕನಲ್ಲ.

ದೋಷವು ತೋರತೊಡಗುವುದು ಅಲಂಕಾರವು ರಚನೆಯನ್ನು ಮರೆಮಾಡಿದಾಗ. ಇಟ್ಟಿಗೆ ಅಥವಾ ಮಣ್ಣಿನ ಗೋಡೆಗೆ ಸುಣ್ಣದ ಗಾರೆಯನ್ನು ಬಳಿದ ಹಿಂದಿನವರ ಪದ್ಧತಿಯಲ್ಲಿ ಒಂದು ವಿವೇಕವಿತ್ತು: ನೆಲದಿಂದ ಏರಿದ ತೇವವು ಗೋಡೆಯ ಮೈಯಿಂದಲೇ ಆರಿಹೋಗುತ್ತಿತ್ತು. ಅದರ ಮೇಲೆ ಸಿಮೆಂಟಿನ ಗಿಲಾವು ಮಾಡಿ, ಪುಟ್ಟಿ ತಿಕ್ಕಿ, ಪ್ಲಾಸ್ಟಿಕ್ ಬಣ್ಣ ಹೊಡೆದರೆ ಆ ತೇವಕ್ಕೆ ಹೊರದಾರಿ ಕಟ್ಟಿಹೋಗುವುದು. ಆಗ ಅದು ಮತ್ತಷ್ಟು ಮೇಲಕ್ಕೇರಿ, ಉಪ್ಪನ್ನು ಉಗುಳಿ, ಬಣ್ಣವನ್ನು ಚಕ್ಕೆಚಕ್ಕೆಯಾಗಿ ಉದುರಿಸುವುದಲ್ಲದೆ, ಇಬ್ಬರಿಗೂ ಸೇರಿದ ನಡುವಣ ಗೋಡೆಯಾದಲ್ಲಿ ನೆರೆಯವನ ಕಡೆಗೂ ದಾರಿ ಹುಡುಕುವುದು. ಅಂತೆಯೇ ತೊಟ್ಟಿಯ ತೆರವಿನ ಮೇಲೆ ಪಾಲಿಕಾರ್ಬೊನೇಟ್ ಶೀಟನ್ನು ಮುಚ್ಚಿ ‘ಬೆಳಕಿನ ಹಜಾರ’ ಎನ್ನುವುದು ವಾಡಿಕೆಯಾಗಿದೆ. ಬೆಳಕೇನೋ ಬರುತ್ತದೆ, ಆದರೆ ಸುತ್ತಲ ಕೋಣೆಗಳ ಬಿಸಿಗಾಳಿಯನ್ನು ಮೇಲಕ್ಕೆಳೆದು ಆಕಾಶಕ್ಕೆ ಬಿಡುತ್ತಿದ್ದ ತೊಟ್ಟಿಯು ಚೈತ್ರ ವೈಶಾಖಗಳಲ್ಲಿ ಬಿಸಿಲನ್ನು ಹಿಡಿದಿಡುವ ಪೆಟ್ಟಿಗೆಯಾಗುತ್ತದೆ. ನಾಲ್ಕು ಸೂರುಗಳಿಂದ ತೊಟ್ಟಿಗೆ ಇಳಿದು ಒಳಗಿನ ಮೋರಿಯಿಂದ ಬೀದಿಗೆ ಹರಿಯುತ್ತಿದ್ದ ಮಳೆನೀರನ್ನು ಈಗ ಹೊರಕ್ಕೆ ತಿರುಗಿಸಬೇಕಾಗಿರುವುದರಿಂದ, ಅದು ಬೀಳುವುದು ಪಕ್ಕದವರ ಹಂಚಿನ ಮೇಲೆ. ಇನ್ನು ವಿಶಾಲವಾದ ಹಜಾರಕ್ಕಾಗಿ ಒಂದೆರಡು ಕಂಬಗಳನ್ನು ತೆಗೆದು, ತೊಲೆಯ ಭಾರವನ್ನು ನಡುವಣ ಗೋಡೆಗೆ ಹೊರಿಸಿದರಂತೂ ಅಪಾಯವು ನೆರೆಮನೆಯೊಳಗೇ ಪ್ರವೇಶಿಸಿದಂತೆ.

ನಂಜನಗೂಡಿಗೆ ವಿಶೇಷವಾದ ಇನ್ನೊಂದು ಮರೆಮಾಚಿಕೆಯುಂಟು. ಕಬಿನಿಯೆಂದೂ ಕರೆಯುವ ಕಪಿಲೆಯ ದಡದ ಊರಿದು. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯವು ಮೇಲ್ಭಾಗದಲ್ಲಿದ್ದರೂ ವಯನಾಡಿನ ಮಳೆ ಮಿತಿಮೀರಿದಾಗ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗುವುದು ತಪ್ಪಿಲ್ಲ. 2018ರಲ್ಲಿಯೂ 2019ರ ಆಗಸ್ಟಿನಲ್ಲಿಯೂ ಮಲ್ಲನಮೂಲೆ ಮಠದ ಬಳಿ ಮೈಸೂರು ಹೆದ್ದಾರಿಯೇ ಮುಳುಗಿದ್ದುದನ್ನು ಊರಿನವರು ಕಂಡಿದ್ದಾರೆ. ಹಳೆಯ ಗೋಡೆಯ ಮೇಲೆ ಪ್ರವಾಹವು ಎಳೆದ ಕಂದುಗೆರೆ ಕೊಳ್ಳುವವನಿಗೆ ಯಾವ ದಾಖಲೆಗಿಂತಲೂ ಪ್ರಾಮಾಣಿಕವಾದ ಸಾಕ್ಷಿಯಾಗಿತ್ತು. ಹೊಸ ಪುಟ್ಟಿಯು ಮೊದಲು ಅಳಿಸುವುದು ಆ ಸಾಕ್ಷಿಯನ್ನೇ.

‘ಪ್ರಶಾಂತ ಪರಿಸರ’ವೆಂಬ ಮಾತೂ ವಿಚಾರಣೀಯ. ದೊಡ್ಡ ಜಾತ್ರೆಯಲ್ಲಿ ಗಣಪತಿ, ಸುಬ್ರಹ್ಮಣ್ಯ, ಶ್ರೀಕಂಠೇಶ್ವರ, ಪಾರ್ವತಿ, ಚಂಡಿಕೇಶ್ವರರ ಐದು ರಥಗಳು ಎಳೆಯಲ್ಪಡುವ ಊರಿನಲ್ಲಿ ವರ್ಷವಿಡೀ ನಿಶ್ಶಬ್ದವನ್ನು ಮಾರುವವನು ತನ್ನಲ್ಲಿಲ್ಲದ ಸರಕನ್ನು ಮಾರುತ್ತಾನೆ. ಇಲ್ಲಿ ದೊರೆಯುವುದು ಬೇರೊಂದು ಬಗೆಯ ಶಾಂತಿ. ಗದ್ದಲದ ದಿನಗಳು ಯಾವುವೆಂಬುದು ಪಂಚಾಂಗದಲ್ಲಿ ಮೊದಲೇ ಗೊತ್ತಿರುವ, ಆ ದಿನಗಳಲ್ಲಿ ಜಗಲಿಯನ್ನು ಪರವೂರಿನ ಭಕ್ತರಿಗೆ ಬಿಟ್ಟುಕೊಡುವ ಶಾಂತಿ. ಜಗಲಿಗೆ ಕಬ್ಬಿಣದ ಗ್ರಿಲ್ಲು ಹಾಕಿ ವಾಹನ ನಿಲ್ಲಿಸುವ ಸ್ಥಳವನ್ನಾಗಿ ಮಾಡಿದ ಮನೆಯು ಆ ಸೌಜನ್ಯದಿಂದ ಹೊರಗಾಗುತ್ತದೆ.

ಮನೆಗಳ ಸಾಲೆಂಬುದು ನೋಂದಣಿಯಿಲ್ಲದ ಒಂದು ಸಹಕಾರ ಸಂಘ. ಗೋಡೆ, ಮೋರಿ, ಸೂರು, ಜಗಲಿ ಇವುಗಳಲ್ಲಿ ಪ್ರತಿಯೊಬ್ಬನ ಸುಖವೂ ಇನ್ನೊಬ್ಬನ ಸಂಯಮದ ಮೇಲೆ ನಿಂತಿರುತ್ತದೆ. ಹಿಂದೆ ಸಂಪ್ರದಾಯವು ಹೇಳದೆಯೇ ಕಾಯುತ್ತಿದ್ದ ಈ ಕಟ್ಟುಪಾಡನ್ನು ಶಾಸನದಿಂದ ಕಾಯಬಹುದೆಂಬುದಕ್ಕೆ ಕನ್ನಡನಾಡಿನ ಚರಿತ್ರೆಯಲ್ಲಿಯೇ ನಿದರ್ಶನಗಳುಂಟು. ಗೃಹಸಹಕಾರವು ಭಾರತದಲ್ಲಿ ಮೊದಲಾದದ್ದು 1909ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಸ್ಥಾಪಿತವಾದ ಬೆಂಗಳೂರು ಕಟ್ಟಡ ಸಹಕಾರ ಸಂಘದಿಂದ. ಕೆನರಾ ಸೀಮೆಯಿಂದ ಮುಂಬಯಿಗೆ ಹೋದ ಚಿತ್ರಾಪುರ ಸಾರಸ್ವತರು, ಶ್ರೀಪಾದ ಸುಬ್ಬರಾವ್ ತಲ್ಮಕಿಯವರ ನೇತೃತ್ವದಲ್ಲಿ, 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಗೃಹ ಸಹಕಾರ ಸಂಘವನ್ನು ಕಟ್ಟಿದರು. ಅಂತಹ ಸಂಘದಲ್ಲಿ ಕಟ್ಟಡಕ್ಕೆ ಒಡೆಯ ಸಂಘ. ಸದಸ್ಯನಿಗಿರುವುದು ಷೇರು ಮತ್ತು ವಾಸದ ಹಕ್ಕು. ಭಾರ ಹೊತ್ತ ಗೋಡೆಯನ್ನು ಒಡೆಯಬೇಕಾದರೆ ಅವನು ಉಳಿದವರ ಸಮ್ಮತಿಯನ್ನು ಪಡೆಯಬೇಕು. ನಮ್ಮ ರಾಜ್ಯದಲ್ಲಾದರೋ ಗೃಹನಿರ್ಮಾಣ ಸಹಕಾರ ಸಂಘಗಳು ಬಹುಮಟ್ಟಿಗೆ ಭೂಮಿಯನ್ನು ಕೊಂಡು, ನಿವೇಶನಗಳನ್ನಾಗಿ ಒಡೆದು, ಹಂಚಿ ಕೈತೊಳೆದುಕೊಂಡವು. ಸಹಕಾರವು ಬೇಲಿ ಹಾಕುವವರೆಗೆ ಮಾತ್ರ ಬದುಕಿತು. ಒಂದೇ ಸೂರಿನ ಕೆಳಗೆ ಪರಸ್ಪರ ಹೊಣೆಯಾಗಿ ಬಾಳುವ ಅಭ್ಯಾಸವು ನಮಗೆ ಬೆಳೆಯದಿರಲು ಇದೂ ಒಂದು ಕಾರಣವೆಂದು ನಾನು ಎಣಿಸುತ್ತೇನೆ.

ಆ ಹಳೆಯ ಸಹಕಾರಕ್ಕೂ ಒಂದು ಕಳಂಕವಿತ್ತೆಂಬುದನ್ನು ಮರೆಸಿ ಅದನ್ನು ಕೊಂಡಾಡುವುದು ಸಲ್ಲದು. ಅಗ್ರಹಾರದ ಸಾಲು ಒಂದೇ ಜಾತಿಯದು. ಗಾಮದೇವಿಯ ಸಂಘ ಒಂದೇ ಸಮಾಜದ್ದು. ಒಂದೇ ಸಮುದಾಯದವರಿಗೆ ಸದಸ್ಯತ್ವವನ್ನು ಮೀಸಲಿಟ್ಟ ಗುಜರಾತಿನ ಪಾರ್ಸಿ ಗೃಹಸಂಘದ ನಿಯಮವನ್ನು 2005ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಅಂದಮೇಲೆ, ಹಣವುಳ್ಳ ಯಾರಿಗೇ ಆಗಲಿ ಆ ಸಾಲಿನ ಬಾಗಿಲನ್ನು ತೆರೆಯುವ ಈ ಮಾರಾಟದಲ್ಲಿ ಒಂದು ಬಿಡುಗಡೆಯ ಅಂಶವೂ ಇದೆ. ಮನೆ ಯಾರಿಗೆ ಸೇರಬೇಕೆಂಬುದನ್ನು ಹೇಳುವ ಅಧಿಕಾರ ನೆರೆಯವರಿಗೆ ಇರಕೂಡದು. ತಮ್ಮ ಗೋಡೆಗೆ ಏನಾಗುತ್ತಿದೆಯೆಂದು ಕೇಳುವ ಅಧಿಕಾರ ಮಾತ್ರ ಇರಲೇಬೇಕು. ಇವೆರಡನ್ನೂ ಬೇರ್ಪಡಿಸಿ ನೋಡದವರು ಸಂಪ್ರದಾಯವನ್ನು ಇಡಿಯಾಗಿ ಉಳಿಸಲು ಹೋಗುತ್ತಾರೆ, ಇಲ್ಲವೆ ಇಡಿಯಾಗಿ ಕೆಡವುತ್ತಾರೆ.

ಒಟ್ಟಿನಲ್ಲಿ ಈ ಪದ್ಧತಿಯ ಬಗ್ಗೆ ನನ್ನ ತೀರ್ಮಾನ ಇಷ್ಟು. ಸೌಕರ್ಯದಲ್ಲಿ ಅದು ಉತ್ತೀರ್ಣ; ರಚನೆಯ ಪ್ರಾಮಾಣಿಕತೆಯಲ್ಲಿ ಮಧ್ಯಮ; ನೆರೆಹೊರೆಯ ಧರ್ಮದಲ್ಲಿ ಅನುತ್ತೀರ್ಣ. ಸುಣ್ಣಕ್ಕೆ ಸುಣ್ಣವನ್ನೇ ಬಳಸಿ, ತೊಟ್ಟಿಯನ್ನು ತೆರೆದೇ ಇಟ್ಟು, ಕಂಬ ತೊಲೆಗಳನ್ನು ಮುಟ್ಟದೆ, ಬಚ್ಚಲು ಅಡುಗೆಮನೆಗಳನ್ನು ಹೊಸದಾಗಿಸಿದ ಮನೆಯೇ ಒಳ್ಳೆಯ ನವೀಕರಣ. ಅದಕ್ಕೆ ಬೆಲೆ ಸ್ವಲ್ಪ ಹೆಚ್ಚಾದರೂ ಕೊಡುವುದು ಯೋಗ್ಯ. ಕೊಳ್ಳಹೊರಟವರು ಖಾತೆಯನ್ನೂ ಋಣಭಾರ ಪತ್ರವನ್ನೂ ನೋಡುವುದು ಅವಶ್ಯಕವೇ. ಆದರೆ ಕ್ರಯಪತ್ರದ ಚಕ್ಕುಬಂದಿಯಲ್ಲಿ ನಾಲ್ಕು ದಿಕ್ಕಿಗೂ ಯಾರ ಸ್ವತ್ತೆಂದು ಬರೆದಿರುವುದಷ್ಟೆ? ಮುಂಗಡ ಹಣವನ್ನು ಕೊಡುವ ಮೊದಲು ಆ ಮನೆಗಳ ಬಾಗಿಲನ್ನು ತಟ್ಟಿ, ಕಳೆದ ಮಳೆಗಾಲ ಹೇಗೆ ಕಳೆಯಿತೆಂದು ಅಲ್ಲಿಯವರನ್ನು ವಿಚಾರಿಸಲಿ. ಮಾರುವವನು ಪುಟ್ಟಿಯಿಂದ ಮುಚ್ಚಿದ್ದೆಲ್ಲ ಅವರ ಬಾಯಿಂದ ಹೊರಬಿದ್ದೀತು.